ಸಹಾಯ ಬೇಕು: ಕೇರಳದ ಗ್ರೇಡನ್ನು ಮಂಗಳೂರಿನ ಡಿಗ್ರಿ ಅರ್ಜಿಯಲ್ಲಿ ತುಂಬುವುದು ಹೇಗೆ?

ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಪ್ಲಸ್ ಟು (ಹನ್ನೆರಡನೇ ಕ್ಲಾಸ್) ಮಕ್ಕಳ ಅರ್ಜಿ ತುಂಬಿಸುತ್ತಿದ್ದೇವೆ. ಮಂಗಳೂರಿನ ಕೆಲವು ಕಾಲೇಜುಗಳ ಫಾರಂ ಹತ್ತನೇ ಕ್ಲಾಸಿನ ಅಂಕ ಕೇಳುತ್ತದೆ. ಕೇರಳದ ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿರುವುದು ಗ್ರೇಡ್ ಮಾತ್ರ: ಎ ಪ್ಲಸ್ ಅಂದರೆ 90ರಿಂದ 100, ಎ ಅಂದರೆ 80ರಿಂದ 89, ಬಿ ಪ್ಲಸ್ 70ರಿಂದ 79. ಇದರ ನಡುವಿನ ಯಾವುದೋ ಅಂಕವನ್ನು ಅಂದಾಜಿಗೆ ಹಾಕುವುದು ಖಂಡಿತ ಬೇಡ. ದಾಖಲೆ ಪರಿಶೀಲನೆಯಲ್ಲಿ ತಾಳೆಯಾಗದಿದ್ದರೆ ಸೀಟಿಗೇ ಕುತ್ತು. ಈಗಾಗಲೇ ಅರ್ಜಿ ಹಾಕಿದವರು ಆ ಜಾಗದಲ್ಲಿ ಏನು ತುಂಬಿದಿರಿ, ಕಾಲೇಜಿನವರು ಏನನ್ನು ಒಪ್ಪಿದರು, ದಯವಿಟ್ಟು ತಿಳಿಸಿ.

ಇನ್ನೊಂದು ತೊಡಕು ಪ್ಲಸ್ ಒನ್‌ನದ್ದು, ಅಂದರೆ ಹನ್ನೊಂದನೇ ಕ್ಲಾಸಿನದ್ದು. ಕರ್ನಾಟಕದಲ್ಲಿ ದ್ವಿತೀಯ ಪಿಯುಸಿಯ 600 ಅಂಕವಷ್ಟೇ ಲೆಕ್ಕ. ನಮ್ಮಲ್ಲಿ ಎರಡೂ ವರ್ಷ ಸೇರಿ 1200. ಹಾಗಾಗಿ ಪ್ಲಸ್ ಒನ್‌ನಲ್ಲಿ ಕಳೆದುಕೊಂಡ ಅಂಕ ಡಿಗ್ರಿ ಸೀಟಿನವರೆಗೂ ಬೆನ್ನು ಬಿಡುವುದಿಲ್ಲ. 1200ಕ್ಕೆ 960 ಬಂದರೆ ಶೇಕಡಾ 80. ಫಾರಂನಲ್ಲಿ ಗರಿಷ್ಠ ಅಂಕ 600 ಎಂದೇ ಇದ್ದು ಬದಲಿಸಲು ಬಾರದಿದ್ದರೆ, ಅರ್ಧ ಮಾಡಿ 480 ಹಾಕಬಹುದೇ? ಕಾಲೇಜು ಆಫೀಸಿನಿಂದಲೇ ತಿದ್ದಿಸಬೇಕೇ?

ಪ್ಲಸ್ ಒನ್ ಮುಗಿಸಿದ ಮಕ್ಕಳಿಗೆ ಈಗಲೇ ಹೇಳಿಡಿ: ಮೂರು ವಿಷಯಗಳವರೆಗೆ ಇಂಪ್ರೂವ್‌ಮೆಂಟ್ (ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವ ಪರೀಕ್ಷೆ) ಬರೆಯಬಹುದು, ಆ ಅವಕಾಶ ಬಿಡಬಾರದು.