ವಿಮ್ ಸ್ಕ್ರಿಪ್ಟ್: ಎರರ್ ನಿಂತಿತು, ಆದರೆ ಬೇರೆ ಸಾಲು ಅಳಿಸಿಹೋಗುತ್ತಿದೆ

ಪ್ರಶ್ನೆ: ಸರ್, ವಿಮ್ ಟೆಕ್ಸ್ಟ್ ಎಡಿಟರಿನಲ್ಲಿ "ಡ್ರಾಫ್ಟ್" ಎಂದಿರುವ ಸಾಲನ್ನು ಹುಡುಕಿ ಡಿಡಿ ಕಮಾಂಡಿನಿಂದ ಅಳಿಸುವ ಫಂಕ್ಷನ್ ಬರೆದುಕೊಂಡಿದ್ದೇನೆ. ಆ ಸಾಲಿಲ್ಲದ ಫೈಲಿನಲ್ಲಿ ಇ486, ಅಂದರೆ ಪ್ಯಾಟರ್ನ್ ಸಿಗಲಿಲ್ಲ ಅಂತ ಬರುತ್ತಿತ್ತು. ಹುಡುಕುವ ಸಾಲಿಗೆ "ಸೈಲೆಂಟ್!" ಸೇರಿಸಿದ ಮೇಲೆ ಎರರ್ ಬರುತ್ತಿಲ್ಲ, ಆದರೆ ಕೆಲವು ಫೈಲುಗಳಲ್ಲಿ ಬೇರೆ ಯಾವುದೋ ಸಾಲು ಮಾಯವಾಗುತ್ತಿದೆ. ಹುಡುಕಾಟದಲ್ಲೇ ದೋಷವಿದೆಯೇ?

ಉತ್ತರ: ಮೊದಲು ಆ ಫೈಲುಗಳನ್ನು ಸೇವ್ ಮಾಡಬೇಡಿ, ಯು ಒತ್ತಿ ಹಿಂದಕ್ಕೆ ತನ್ನಿ.

ಹುಡುಕಾಟ ಸರಿಯಾಗಿಯೇ ಇದೆ. ಪ್ಯಾಟರ್ನ್ ಸಿಗದಿದ್ದರೆ ಕರ್ಸರ್ ಇದ್ದಲ್ಲೇ ಇರುತ್ತದೆ, ಮುಂದಿನ ಡಿಡಿ ಆ ಸಾಲನ್ನೇ ಅಳಿಸುತ್ತದೆ. ನೋಡಿ, ಇದು ಮೊದಲೂ ಆಗುತ್ತಿತ್ತು! ಹಳೆಯ ವಿಮ್‌ಸ್ಕ್ರಿಪ್ಟ್ ಫಂಕ್ಷನ್‌ಗೆ "ಅಬಾರ್ಟ್" ಹಾಕದಿದ್ದರೆ ಎರರ್ ಬಂದ ಮೇಲೂ ಅದು ಮುಂದಿನ ಸಾಲಿಗೆ ಹೋಗುತ್ತದೆ. ನಿಮ್ಮನ್ನು ಎಚ್ಚರಿಸುತ್ತಿದ್ದದ್ದು ಆ ಸಂದೇಶ ಒಂದೇ. "ಸೈಲೆಂಟ್!" ಅದನ್ನೂ ಮರೆಮಾಡಿತು.

ಇಲ್ಲಿ ಸಾಲು ಸಿಗದಿರುವುದು ಎರರ್ ಅಲ್ಲವೇ ಅಲ್ಲ, ನೀವು ನಿರೀಕ್ಷಿಸಬೇಕಾದ ಉತ್ತರ. ಹಾಗಾಗಿ "ಸರ್ಚ್" ಫಂಕ್ಷನ್ ಬಳಸಿ. ಸಿಕ್ಕರೆ ಅದು ಸಾಲಿನ ಸಂಖ್ಯೆ ಕೊಡುತ್ತದೆ, ಸಿಗದಿದ್ದರೆ 0. ಸೊನ್ನೆ ಬಂದರೆ ಅಲ್ಲೇ ರಿಟರ್ನ್. ಫಂಕ್ಷನ್ ಶುರುವಾಗುವ ಸಾಲಿನ ಕೊನೆಗೆ "ಅಬಾರ್ಟ್" ಇರಲೇಬೇಕು, ಅದನ್ನು ಅಭ್ಯಾಸ ಮಾಡಿಕೊಳ್ಳಿ. (ಪದ ಬದಲಿಸುವ ಸಬ್‌ಸ್ಟಿಟ್ಯೂಟ್ ಕಮಾಂಡಿಗಾದರೆ, ಪದ ಸಿಗದಿದ್ದರೂ ಎರರ್ ಬಾರದಂತೆ ಮಾಡುವ ಇ ಫ್ಲಾಗ್ ಸಾಕು.)

ಪ್ರಶ್ನೆ: ಇಡೀ ಫಂಕ್ಷನ್ನನ್ನು ಟ್ರೈ ಒಳಗಿಟ್ಟು ಕೊನೆಗೊಂದು ಬರೀ ಕ್ಯಾಚ್ (ಯಾವ ಎರರ್ ಎಂದು ಹೇಳದೆ ಹಿಡಿಯುವ ಸಾಲು) ಬರೆದರೆ ಆಗದೇ ಸರ್?

ಉತ್ತರ: ದಯವಿಟ್ಟು ಬೇಡ. ಬರೀ ಕ್ಯಾಚ್ ಎಲ್ಲವನ್ನೂ ಹಿಡಿಯುತ್ತದೆ: ಫೈಲ್ ಬದಲಿಸಲಾಗದು ಎನ್ನುವ ಇ21, ಫಂಕ್ಷನ್ ಹೆಸರು ತಪ್ಪಾಗಿ ಟೈಪಾದಾಗ ಬರುವ ಇ117, ಕೊನೆಗೆ ನಡುವೆ ನಿಲ್ಲಿಸಲು ನೀವೇ ಒತ್ತಿದ ಕಂಟ್ರೋಲ್-ಸಿ ಕೂಡ. ಆಮೇಲೆ ಏನು ಕೆಟ್ಟಿತೆಂದು ಹುಡುಕುವುದೇ ಕಷ್ಟ. ಕ್ಯಾಚ್‌ಗೆ ನಿಮಗೆ ಬೇಕಾದ ಎರರ್ ನಂಬರನ್ನಷ್ಟೇ ಕೊಡಿ. ಸಂದೇಶದ ವಾಕ್ಯಕ್ಕೆ ಹೋಲಿಸಬೇಡಿ, ಎಡಿಟರ್ ಭಾಷೆ ಬದಲಾದರೆ ವಾಕ್ಯ ಬದಲಾಗುತ್ತದೆ, ನಂಬರ್ ಬದಲಾಗುವುದಿಲ್ಲ.

ಟ್ರೈ ನಿಜವಾಗಿ ಬೇಕಾಗುವುದು ಫೈನಲಿಗಾಗಿ, ಅಂದರೆ ಏನೇ ಆದರೂ ಕೊನೆಗೆ ನಡೆಯುವ ಭಾಗಕ್ಕಾಗಿ. ಫಂಕ್ಷನ್ ಒಳಗೆ "ಇಗ್ನೋರ್‌ಕೇಸ್" (ಹುಡುಕುವಾಗ ದೊಡ್ಡ-ಸಣ್ಣ ಇಂಗ್ಲಿಷ್ ಅಕ್ಷರಗಳ ಭೇದ ಬಿಡುವ ಸೆಟ್ಟಿಂಗ್) ಬದಲಿಸುತ್ತೀರಿ ಅನ್ನಿ. ಹಳೆಯ ಬೆಲೆಯನ್ನು ಮೊದಲೇ ವೇರಿಯೇಬಲ್‌ನಲ್ಲಿಟ್ಟುಕೊಂಡು, ಫೈನಲಿಯಲ್ಲಿ ವಾಪಸ್ ಹಾಕಿ. ನಡುವೆ ಎರರ್ ಬಂದರೂ, ಕಂಟ್ರೋಲ್-ಸಿ ಒತ್ತಿದರೂ ಆ ಭಾಗ ನಡೆದೇ ನಡೆಯುತ್ತದೆ. ಯಾವ ಎರರ್ ಅಂತ ಗೊತ್ತಾಗದೆ ಹುಡುಕುತ್ತಿರುವಾಗ ಮಾತ್ರ ಬರೀ ಕ್ಯಾಚ್ ಇಟ್ಟು, ಅದರೊಳಗೆ "ವಿ:ಎಕ್ಸೆಪ್ಷನ್" ಮತ್ತು "ವಿ:ಥ್ರೋಪಾಯಿಂಟ್" ಎರಡನ್ನೂ ಪ್ರಿಂಟ್ ಮಾಡಿ. ಮೊದಲನೆಯದು ಏನಾಯಿತೆಂದು, ಎರಡನೆಯದು ಎಲ್ಲಾಯಿತೆಂದು ಹೇಳುತ್ತದೆ.