ಪಿಟ್ ಬುಲ್ ಸಾಕುವುದು ನಿಜಕ್ಕೂ ಅಪಾಯವೇ?

ಪ್ರಶ್ನೆ: ಎಂಟು ತಿಂಗಳ ಪಿಟ್ ಬುಲ್ ಒಂದನ್ನು ದತ್ತು ಪಡೆಯಬೇಕೆಂದಿದ್ದೇವೆ, ಆದರೆ ಈ ತಳಿ ಹುಟ್ಟಿನಿಂದಲೇ ಕ್ರೂರ, ಸರ್ಕಾರವೇ ನಿಷೇಧಿಸಿದೆ ಎಂದು ಅತ್ತೆಯವರು ಹೆದರುತ್ತಿದ್ದಾರೆ. ಇದು ನಿಜವೇ?

ಉತ್ತರ 1: 23 ತಳಿಗಳನ್ನು ನಿರ್ಬಂಧಿಸಲು ಕೇಂದ್ರವು 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲೇ ರದ್ದುಪಡಿಸಿತು.

ಉತ್ತರ 2: ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕಲ್ ವಿಕ್ ಅವರ ನಾಯಿಕಾಳಗದ ಜಾಲದಿಂದ 2007ರಲ್ಲಿ ವಶಪಡಿಸಿಕೊಂಡ ಸುಮಾರು 50 ಪಿಟ್ ಬುಲ್‌ಗಳಲ್ಲಿ ಹೆಚ್ಚಿನವು, ಅವನ್ನು ಕೊಲ್ಲುವುದೇ ಲೇಸೆಂಬ ಒತ್ತಾಯದ ನಡುವೆಯೂ ಉಳಿದುಕೊಂಡು, ಮನೆಗಳನ್ನೋ ಆಶ್ರಯಧಾಮಗಳನ್ನೋ ಸೇರಿದವು, ಅವುಗಳಲ್ಲಿ ಲಿಯೋ ಎಂಬುದು ಕ್ಯಾನ್ಸರ್ ರೋಗಿಗಳನ್ನು ಸಂತೈಸುವ ಕೆಲಸಕ್ಕೂ ಪಳಗಿತು. ಕ್ರೌರ್ಯ ಯಾರದಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಉತ್ತರ 3: ಹಾಗೆಂದು ಮೈಮರೆಯುವುದು ಬೇಡ. ಮನೆಯವರೊಂದಿಗೆ ಸೌಮ್ಯವಾಗಿರುವ ಪಿಟ್ ಬುಲ್ ಬೇರೆ ನಾಯಿಗಳನ್ನು ಸಹಿಸದಿರಬಹುದು. ಬಾಲ ಅಲ್ಲಾಡಿಸುತ್ತಿದ್ದರೂ ಮೈ ಸೆಟೆದು, ಬೀದಿನಾಯಿಯನ್ನು ನೆಟ್ಟ ನೋಟದಿಂದ ದಿಟ್ಟಿಸಿದರೆ ಕೂಡಲೇ ದೂರ ಕರೆದೊಯ್ಯಿರಿ. ಯಾವ ತಳಿಯಾದರೂ ಸರಿ, ಚಿಕ್ಕ ಮಕ್ಕಳೊಂದಿಗೆ ಒಂಟಿಯಾಗಿ ಬಿಡಬೇಡಿ.