ಈಶ್ವರಿ ಬಳ್ಳಿ ಬೀಜದ ಬಗ್ಗೆ, ಚಿಕ್ಕಮ್ಮನಿಗೆ

ಚಿಕ್ಕಮ್ಮ, ಮನೆಯವರ ಗ್ರೂಪಲ್ಲಿ ನಿಮ್ಮ ಮೆಸೇಜ್ ಈಗ ನೋಡಿದೆ. ಊರಿಂದ ತಂದ ಈಶ್ವರಿ ಬಳ್ಳಿ ಬೀಜ ಮೈಸೂರಲ್ಲಿ ಹುಟ್ಟುತ್ತದಾ, ಅದಕ್ಕೆ ಚಿಟ್ಟೆ ಬರುತ್ತದಾ ಅಂತ ಕೇಳಿದ್ದೀರಿ. ಹುಟ್ಟುತ್ತದೆ, ಬರುತ್ತದೆ. ಟೈಪ್ ಮಾಡಿದರೆ ಮುಗಿಯುವುದಿಲ್ಲ, ಮಾತಲ್ಲೇ ಹೇಳಿಬಿಡುತ್ತೇನೆ.

ಕಾಯಿ ಬಳ್ಳಿಯಲ್ಲೇ ಒಣಗಿ, ತೊಟ್ಟಿನ ಕಡೆಯಿಂದ ಬಿರಿದು, ಪುಟ್ಟ ಬುಟ್ಟಿಯ ಹಾಗೆ ನೇತಾಡುತ್ತದಲ್ಲ, ಅದರೊಳಗಿನ ಬೀಜವಾದರೆ ಬಲಿತಿರುತ್ತದೆ. ಹಸಿ ಕಾಯಿ ಸೀಳಿ ತೆಗೆದದ್ದು ಬೇಡ. ಬೀಜ ತೆಳ್ಳಗೆ ಚಪ್ಪಟೆಯಾಗಿದ್ದು ರೆಕ್ಕೆ ಇರುತ್ತದೆ. ಫ್ಯಾನ್ ಕೆಳಗೆ ಪೊಟ್ಟಣ ಬಿಚ್ಚಬೇಡಿ ಮತ್ತೆ! ಒಂದು ರಾತ್ರಿ ನೆನೆಹಾಕಿ. ಕೆಂಪು ಮಣ್ಣು, ಮರಳು, ಹಳೇ ಸಗಣಿ ಗೊಬ್ಬರ ಬೆರೆಸಿ, ಬೀಜ ಮಲಗಿಸಿ, ಮೇಲೆ ಸ್ವಲ್ಪವೇ ಮಣ್ಣು ಉದುರಿಸಿ. ತೇವ ಆರಬಾರದು, ನೀರೂ ನಿಲ್ಲಬಾರದು. ಮೊಳಕೆಗೆ ವಾರಗಟ್ಟಲೆ ಹಿಡಿಯುತ್ತದೆ, ಸುಮ್ನೆ ಕೆದಕಿ ನೋಡಬೇಡಿ. ಮಳೆಗಾಲ ಶುರುವಾದ ಮೇಲೆ ಬೇಲಿ ಪಕ್ಕ ನೆಟ್ಟರಾಯಿತು.

ಆದರೆ ಒಂದು ವಿಷಯ ಈಗಲೇ ಮನಸ್ಸಿಗೆ ತಂದುಕೊಳ್ಳಿ. ಇದು ಹುಳ ತಿನ್ನಲಿ ಅಂತಲೇ ಬೆಳೆಸುವ ಬಳ್ಳಿ. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಅಂತ ಎರಡು ಚಿಟ್ಟೆಗಳಿವೆ, ಕಪ್ಪು ರೆಕ್ಕೆ, ಕೆಂಪು ಮೈ. ಅವುಗಳ ಮರಿಹುಳಕ್ಕೆ ಈ ಬಳ್ಳಿ, ಇದರ ಕುಟುಂಬದ ಗಿಡ ಬಿಟ್ಟು ಬೇರೆ ಊಟವೇ ಇಲ್ಲ. ಎಲೆಯ ವಿಷ ಹುಳದ ಮೈ ಸೇರಿ, ಚಿಟ್ಟೆಯಾದ ಮೇಲೂ ಉಳಿಯುತ್ತದೆ. ಅದಕ್ಕೇ ಹಕ್ಕಿಗಳು ಮುಟ್ಟುವುದು ಕಡಿಮೆ. ನಿಮ್ಮ ಕರಿಬೇವಿನ ಗಿಡದಲ್ಲಿ ಬೆಳೆಯುವ ಕಾಮನ್ ಮಾರ್ಮನ್ ಇದೆಯಲ್ಲ, ಅದರ ಕೆಲವು ಹೆಣ್ಣುಗಳು ಇವೆರಡರ ವೇಷ ಹಾಕಿಕೊಂಡೇ ಬದುಕುತ್ತವೆ. ವಿಷ ಇಲ್ಲ, ಬರೀ ವೇಷ!

ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಇದೇ ಜಾತಿಯ ಬಳ್ಳಿ ತಿಂದು ಬೆಳೆಯುವುದು. ರೆಕ್ಕೆ ಬಿಚ್ಚಿದರೆ 19 ಸೆಂಟಿಮೀಟರ್ ತನಕ. ದೇಶಕ್ಕೇ ದೊಡ್ಡದು ಅಂತ ಹೆಸರಿತ್ತು, 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ 4 ಮಿಲಿಮೀಟರಿನಲ್ಲಿ ಗೆದ್ದುಬಿಟ್ಟಿತು. ನಮ್ಮ ಸದರ್ನ್ ಬರ್ಡ್‌ವಿಂಗ್ ಘಟ್ಟದ ಚಿಟ್ಟೆ, ಮೈಸೂರಿಗೆ ಬರುತ್ತದೆ ಅಂತ ಕಾಯಬೇಡಿ.

ಗಿಡ ಚಿಕ್ಕದಿರುವಾಗ ಬಲೆ ಹಾಕಿ, ಇಲ್ಲದಿದ್ದರೆ ಎರಡೇ ಹುಳ ಸಾಕು ಬೋಳಿಸಲಿಕ್ಕೆ. ಬೇರು ಗಟ್ಟಿಯಾದ ಮೇಲೆ ಬೋಳಾದರೂ ಮತ್ತೆ ಚಿಗುರುತ್ತದೆ. ಜಾಗ ಇದ್ದರೆ ಮೂರು ನಾಲ್ಕು ಬಳ್ಳಿ ಇರಲಿ. ಬೇವಿನ ಎಣ್ಣೆಯೂ ಹೊಡೆಯಬೇಡಿ. ಚಿಟ್ಟೆಗೆ ಮಕರಂದಕ್ಕೆ ಪಕ್ಕದಲ್ಲಿ ಒಂದು ಕೇಪಳ ಗಿಡ ನೆಡಿ.

ಅತ್ತಿಗೆ ಫೋಟೋ ಹಾಕಿದ್ದ ನರ್ಸರಿ ಬಳ್ಳಿ ಮಾತ್ರ ಬೇಡವೇ ಬೇಡ. ಅಗಲ ಎಲೆ, ಅಂಗೈ ಅಗಲದ ಕಂದು-ಬಿಳಿ ಹೂ, ನೋಡಲಿಕ್ಕೆ ಚೆಂದ, ಸರಿ. ಅದೂ ಇದೇ ಕುಲದ ಬಳ್ಳಿಯೇ, ಆದರೆ ದಕ್ಷಿಣ ಅಮೆರಿಕದ್ದು. ಆಸ್ಟ್ರೇಲಿಯಾದಲ್ಲಿ ಅಲ್ಲಿನ ಬರ್ಡ್‌ವಿಂಗ್ ತನ್ನ ಬಳ್ಳಿ ಅಂತ ತಿಳಿದು ಅದರ ಮೇಲೆ ಮೊಟ್ಟೆಯಿಟ್ಟು, ಮರಿಗಳೆಲ್ಲ ಎಲೆ ತಿಂದು ಸಾಯುತ್ತವೆ. ನಮ್ಮದಕ್ಕೆ ಎಲೆ ಕಿರಿದು, ಹೂ ಸಣ್ಣದು.

ಮಾವ, ನೀವು ಬೇರಿನ ಕಷಾಯ ಮೈಗೆ ಒಳ್ಳೆಯದು ಅಂದಿರಿ. ಹಳಬರು ಹಾವು ಕಚ್ಚಿದರೆ ಕೊಡುತ್ತಿದ್ದರು, ನಿಜ. ಆದರೆ ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿ ಕೆಡಿಸುತ್ತದೆ, ಕ್ಯಾನ್ಸರೂ ತರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಔಷಧಿಯಲ್ಲಿ ಇದೇ ಕುಲದ ಗಿಡ ಸೇರಿ ಎಷ್ಟೋ ಹೆಂಗಸರ ಕಿಡ್ನಿ ಹೋಯಿತು. ನಿಮಗೆ ಕಷಾಯಕ್ಕೆ ಶುಂಠಿ ಇದೆಯಲ್ಲ, ಬಳ್ಳಿ ಹುಳಕ್ಕಿರಲಿ ಬಿಡಿ.